ಟೆಸ್ಟೋಸ್ಟೆರಾನ್ ನಿಲ್ಲಿಸಿದ ಮೇಲೂ ಪ್ರಾಸ್ಟೇಟ್ ಕ್ಯಾನ್ಸರ್ ಯಾಕೆ ಬೆಳೆಯುತ್ತದೆ? ಮೂಳೆಗೇ ಯಾಕೆ ಹೋಗುತ್ತದೆ?

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ ಅಂತ ಎರಡು ವರ್ಷದ ಹಿಂದೆ ಗೊತ್ತಾಯಿತು. ಟೆಸ್ಟೋಸ್ಟೆರಾನ್ ತಗ್ಗಿಸುವ ಇಂಜೆಕ್ಷನ್ ಶುರು ಮಾಡಿದರು, ಪಿಎಸ್ಎ (ಪ್ರಾಸ್ಟೇಟ್ ಕೋಶಗಳು ಮಾಡುವ, ರಕ್ತದಲ್ಲಿ ಅಳೆಯುವ ಪ್ರೋಟೀನು) ಚೆನ್ನಾಗಿ ಇಳಿಯಿತು. ಈಗ ಮತ್ತೆ ಏರುತ್ತಿದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದೆ. ಹಾಗಿದ್ದರೆ ಕ್ಯಾನ್ಸರ್‌ಗೆ ಬೆಳೆಯಲು ಹೇಳುತ್ತಿರುವುದು ಯಾರು? ಎಲ್ಲ ಬಿಟ್ಟು ಮೂಳೆಗೇ ಯಾಕೆ ಹೋಯಿತು? ಇದೆಲ್ಲ ಸೆಲ್ ಸಿಗ್ನಲ್‌ಗಳಿಂದ ಆಗುತ್ತದೆ ಅಂತ ಓದಿದೆ. ಹಾಗಾದರೆ ಎಲ್ಲ ಸಿಗ್ನಲ್‌ಗಳನ್ನೂ ಒಂದೇ ಸಲ ತಡೆದುಬಿಡಬಾರದೇ?

ಉತ್ತರ: ರಕ್ತದಲ್ಲಿ ಟೆಸ್ಟೋಸ್ಟೆರಾನ್ ಇಲ್ಲದಿದ್ದರೂ ಪಿಎಸ್ಎ ಏರುತ್ತಿದೆ ಅಂದರೆ, ಆ ಕೋಶಗಳ ಒಳಗೆ ಟೆಸ್ಟೋಸ್ಟೆರಾನ್‌ನ ದಾರಿ ಸಾಮಾನ್ಯವಾಗಿ ಇನ್ನೂ ತೆರೆದೇ ಇದೆ ಅಂತ ಅರ್ಥ. ಪಿಎಸ್ಎ ತಯಾರಾಗುವುದೇ ಆ ದಾರಿಯ ಕೊನೆಯಲ್ಲಿ. ಹಾರ್ಮೋನ್ ನಿಂತಿದೆ, ಹಾರ್ಮೋನ್ ಕೊಡುತ್ತಿದ್ದ ಆದೇಶ ನಿಂತಿಲ್ಲ. ಇದೊಂದು ತಿಳಿದರೆ ಡಾಕ್ಟರ್ ಮುಂದೆ ಬರೆಯುವ ಅರ್ಧ ಔಷಧಿಗಳು ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ಒಂದೇ ಒಂದು ಕೋಶದ ಒಳಗೆ ಏನಾಗುತ್ತದೆ ನೋಡೋಣ. ಟೆಸ್ಟೋಸ್ಟೆರಾನ್ ರಕ್ತದಿಂದ ಪ್ರಾಸ್ಟೇಟ್ ಕೋಶದೊಳಕ್ಕೆ ಬರುತ್ತದೆ. ಅಲ್ಲಿ 5-ಆಲ್ಫಾ ರಿಡಕ್ಟೇಸ್ ಅನ್ನುವ ಕಿಣ್ವ ಅದನ್ನು ಡೈಹೈಡ್ರೊಟೆಸ್ಟೋಸ್ಟೆರಾನ್ ಆಗಿ ಬದಲಾಯಿಸುತ್ತದೆ. ಇದು ಇನ್ನೂ ಜೋರಿನ ಹಾರ್ಮೋನ್. ಇಂಥ ಗಂಡು ಹಾರ್ಮೋನುಗಳಿಗೆ ಆಂಡ್ರೊಜೆನ್ ಅನ್ನುತ್ತಾರೆ. ಅವನ್ನು ಹಿಡಿಯುವ ಆಂಡ್ರೊಜೆನ್ ರಿಸೆಪ್ಟರ್ ಎಂಬ ಪ್ರೋಟೀನು ಅಲ್ಲೇ ಬೇರೆ ಕೆಲವು ಪ್ರೋಟೀನುಗಳ ಆಸರೆಯಲ್ಲಿ ಸುಮ್ನೆ ಕೂತಿರುತ್ತದೆ. ಹಾರ್ಮೋನ್ ಬಂದು ಅಂಟಿಕೊಂಡ ತಕ್ಷಣ ಅದರ ಆಕಾರ ಬದಲಾಗುತ್ತದೆ, ಆಸರೆ ಬಿಟ್ಟು ಕೋಶಕೇಂದ್ರಕ್ಕೆ ಹೋಗುತ್ತದೆ, ಇನ್ನೊಂದು ರಿಸೆಪ್ಟರ್ ಜೊತೆ ಜೋಡಿಯಾಗಿ ಡಿಎನ್ಎ ಮೇಲಿನ ಗೊತ್ತಾದ ಜಾಗಗಳಲ್ಲಿ ಕೂರುತ್ತದೆ, ಅಲ್ಲಿಂದ ನೂರಾರು ಜೀನ್‌ಗಳು ಚುರುಕಾಗುತ್ತವೆ. ಅದರಲ್ಲಿ ಒಂದು ಪಿಎಸ್ಎ ಜೀನ್. ಉಳಿದವುಗಳಲ್ಲಿ ಕೋಶ ವಿಭಜನೆಯಾಗಲು, ಬದುಕಿ ಉಳಿಯಲು ಬೇಕಾದವು ಇವೆ.

ಆರೋಗ್ಯವಂತ ಪ್ರಾಸ್ಟೇಟ್‌ನಲ್ಲೂ ನಡೆಯುವುದು ಇದೇ. ಕ್ಯಾನ್ಸರ್ ಹೊಸ ಸಿಗ್ನಲ್ ಏನನ್ನೂ ಕಂಡುಹಿಡಿದಿಲ್ಲ. ಇರುವುದನ್ನೇ ತನಗೆ ಬೇಕಾದ ಕಡೆ ತಿರುಗಿಸಿಕೊಳ್ಳುತ್ತದೆ. ಇದಕ್ಕೊಂದು ಒಳ್ಳೆಯ ಉದಾಹರಣೆ 2005ರಲ್ಲಿ ಸಿಕ್ಕಿತು. ಅರುಳ್ ಚಿನ್ನಯ್ಯನ್ ಅವರ ಮಿಷಿಗನ್ ವಿಶ್ವವಿದ್ಯಾಲಯದ ತಂಡ, ಬಹಳಷ್ಟು ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಎರಡು ಜೀನ್‌ಗಳು ಮುರಿದು ಅಂಟಿಕೊಂಡಿರುವುದನ್ನು ತೋರಿಸಿತು. ಒಂದು, ಆಂಡ್ರೊಜೆನ್ ಹೇಳಿದ ಹಾಗೆ ಕೇಳುವ ಜೀನ್. ಇನ್ನೊಂದು ಇಆರ್‌ಜಿ, ಅಲ್ಲಿ ಸದ್ದಿಲ್ಲದೆ ಇರಬೇಕಾದ ಜೀನ್. ಎರಡೂ ಸೇರಿದ ಮೇಲೆ, ಪಿಎಸ್ಎ ಮಾಡಲು ಬರುವ ಅದೇ ಆದೇಶ ಇಆರ್‌ಜಿಯನ್ನೂ ಎಬ್ಬಿಸುತ್ತದೆ.

ಇನ್ನು ನಿಮ್ಮ ತಂದೆಯ ಇಂಜೆಕ್ಷನ್. ಈ ಚಿಕಿತ್ಸೆಯ ಮೂಲ 1941ರದ್ದು. ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್, ವೃಷಣ ತೆಗೆದರೆ ಅಥವಾ ಈಸ್ಟ್ರೊಜೆನ್ ಕೊಟ್ಟರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ ಅಂತ ತೋರಿಸಿದರು. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಈಗ ಆಪರೇಷನ್ ಬದಲು ಇಂಜೆಕ್ಷನ್ ಸಾಕು, ಟೆಸ್ಟೋಸ್ಟೆರಾನ್ 50 ನ್ಯಾನೊಗ್ರಾಂ ಪ್ರತಿ ಡೆಸಿಲೀಟರ್‌ಗಿಂತ ಕೆಳಗಿಳಿಯುತ್ತದೆ. ಆದರೆ ಹರಡಿದ ಕಾಯಿಲೆಯಲ್ಲಿ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ದಿನ ಈಗ ನಿಮ್ಮ ಮನೆಯಲ್ಲಿ ಆಗಿರುವುದೇ ಆಗುತ್ತದೆ. ಬಹಳ ವರ್ಷ ಇದನ್ನು 'ಹಾರ್ಮೋನ್ ಬೇಡದ ಕ್ಯಾನ್ಸರ್' ಅಂತ ಕರೆಯುತ್ತಿದ್ದರು. ನನ್ನ ಮಟ್ಟಿಗೆ ಈ ರೋಗದ ಬಗ್ಗೆ ಇದ್ದ ಅತಿ ದೊಡ್ಡ ತಪ್ಪು ಕಲ್ಪನೆ ಅದು.

ಯಾಕೆಂದರೆ ಕೋಶಗಳು ಮಾಡಿಕೊಳ್ಳುವ ಉಪಾಯಗಳನ್ನು ನೋಡಿ. ಕೆಲವು, ರಿಸೆಪ್ಟರ್ ಜೀನಿನ ಪ್ರತಿಗಳನ್ನೇ ಹೆಚ್ಚು ಮಾಡಿಕೊಳ್ಳುತ್ತವೆ. ಹಾರ್ಮೋನ್ ಎಷ್ಟು ಕಡಿಮೆ ಇದ್ದರೂ ಹಿಡಿಯಲು ರಿಸೆಪ್ಟರ್ ಜಾಸ್ತಿ ಇದ್ದರೆ ಕೆಲಸ ನಡೆಯುತ್ತದೆ ಅಲ್ವಾ? ಕೆಲವು ತಮಗೆ ಬೇಕಾದ ಹಾರ್ಮೋನನ್ನು ತಾವೇ ಮಾಡಿಕೊಳ್ಳುತ್ತವೆ, ಅಥವಾ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಕಚ್ಚಾ ಹಾರ್ಮೋನ್ ತೆಗೆದುಕೊಂಡು ಟೆಸ್ಟೋಸ್ಟೆರಾನ್ ಮಾಡುತ್ತವೆ. ನಿಮ್ಮ ಇಂಜೆಕ್ಷನ್ ತಡೆಯುವುದು ವೃಷಣದಿಂದ ಬರುವುದನ್ನು ಮಾತ್ರ. ರಕ್ತ ಪರೀಕ್ಷೆಯಲ್ಲಿ ಸೊನ್ನೆಗೆ ಹತ್ತಿರ ಕಂಡರೂ ಗಡ್ಡೆಯ ಒಳಗೆ ಹಾರ್ಮೋನ್ ಇರುತ್ತದೆ. 2011ರಲ್ಲಿ ಒಪ್ಪಿಗೆ ಸಿಕ್ಕ ಅಬಿರಾಟೆರೋನ್ ಈ ಎಲ್ಲ ಕಡೆಯ ತಯಾರಿಕೆಯನ್ನೂ ತಡೆಯುತ್ತದೆ. ಮರುವರ್ಷ ಬಂದ ಎಂಜಾಲುಟಮೈಡ್ ರಿಸೆಪ್ಟರ್‌ಗೇ ಅಡ್ಡ ಕೂರುತ್ತದೆ. ಹಾರ್ಮೋನ್ ಬೇಡದ ಕ್ಯಾನ್ಸರ್ ಆಗಿದ್ದರೆ ಇವೆರಡೂ ಕೆಲಸ ಮಾಡಲೇಬಾರದಿತ್ತು. ಮಾಡಿದವು, ರೋಗಿಗಳ ಆಯುಸ್ಸನ್ನೂ ಹೆಚ್ಚಿಸಿದವು.

ಇನ್ನೂ ವಿಚಿತ್ರ ಇದೆ. ರಿಸೆಪ್ಟರ್‌ನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಸಾಕು, ಅದು ಬೇರೆ ಹಾರ್ಮೋನುಗಳ ಮಾತನ್ನೂ ಕೇಳಲು ಶುರು ಮಾಡುತ್ತದೆ. ಒಂದು ಬಗೆಯ ಬದಲಾವಣೆಯಾದರೆ, ಅಬಿರಾಟೆರೋನ್ ಜೊತೆ ಕೊಡುವ ಪ್ರೆಡ್ನಿಸೊಲೋನ್ ಕೂಡ ಅದನ್ನು ಎಬ್ಬಿಸಬಲ್ಲದು. ಫ್ಲುಟಮೈಡ್ ಅನ್ನುವ ಹಳೆಯ ಮಾತ್ರೆಯ ಕತೆಯಂತೂ ನನಗೆ ಬಹಳ ಇಷ್ಟ. ರಿಸೆಪ್ಟರ್ ತಡೆಯಲು ಅಂತ ಕೊಡುತ್ತಿದ್ದ ಮಾತ್ರೆ ಅದು. ಪಿಎಸ್ಎ ಏರಿತು ಅಂತ ಮಾತ್ರೆ ನಿಲ್ಲಿಸಿದಾಗ ಕೆಲವರಲ್ಲಿ ಪಿಎಸ್ಎ ಇಳಿಯಿತು! 1993ರಲ್ಲಿ ಇದು ವರದಿಯಾಯಿತು. ತಡೆಯಬೇಕಾದ ಔಷಧಿಯನ್ನೇ ಬದಲಾದ ರಿಸೆಪ್ಟರ್ ಹಾರ್ಮೋನ್ ತರಹ ಬಳಸಿಕೊಳ್ಳಬಲ್ಲದು ಅಂತ ಪ್ರಯೋಗಾಲಯದ ಕೋಶಗಳಲ್ಲಿ ಕಂಡಿದೆ. ಹಾಗಂತ ನಿಮ್ಮ ತಂದೆಯ ಮಾತ್ರೆಗಳನ್ನು ನೀವೇ ನಿಲ್ಲಿಸಿ ನೋಡಬೇಡಿ, ಇದನ್ನು ನಿರ್ಧರಿಸಬೇಕಾದವರು ಡಾಕ್ಟರ್.

ಕೊನೆಯದು ಎಆರ್-ವಿ7. ಇದು ಮೊಟಕಾದ ರಿಸೆಪ್ಟರ್. ಹಾರ್ಮೋನ್ ಅಂಟುವ ಭಾಗವೇ ಇದಕ್ಕಿಲ್ಲ. ಆದರೆ ಡಿಎನ್ಎ ಮೇಲೆ ಕೂರುವ ಭಾಗ ಇದೆ. ಅಂದರೆ ಯಾರ ಆದೇಶಕ್ಕೂ ಕಾಯದೆ ಸದಾ ಕೆಲಸದಲ್ಲೇ ಇರುತ್ತದೆ. ಎಂಜಾಲುಟಮೈಡ್ ಅಂಟಬೇಕಾದ ಜಾಗವೇ ಇಲ್ಲದ ಮೇಲೆ ಅದು ಎಲ್ಲಿ ಅಂಟೀತು? ರಕ್ತದಲ್ಲಿ ತಿರುಗುವ ಕ್ಯಾನ್ಸರ್ ಕೋಶಗಳಲ್ಲಿ ಇದು ಕಂಡವರಿಗೆ ಅಬಿರಾಟೆರೋನ್, ಎಂಜಾಲುಟಮೈಡ್ ಎರಡರಿಂದಲೂ ಹೆಚ್ಚುಕಡಿಮೆ ಏನೂ ಪ್ರಯೋಜನವಾಗಲಿಲ್ಲ ಅಂತ 2014ರ ಅಧ್ಯಯನ ತೋರಿಸಿತು. ಅಂಥವರಿಗೆ ಡೊಸೆಟಾಕ್ಸೆಲ್‌ನಂಥ ಕೀಮೋ ಕೆಲಸ ಮಾಡುವ ಸಾಧ್ಯತೆ ಇದೆ.

ಇಷ್ಟು ಹೊತ್ತು ಬೆಳೆಯುವ ಮಾತಾಯಿತು. ಹರಡುವುದು ಬೇರೆಯೇ ಕೆಲಸ. ಪ್ರಾಸ್ಟೇಟ್ ಕ್ಯಾನ್ಸರ್ ಬಂದ ಎಷ್ಟೋ ಗಂಡಸರಲ್ಲಿ ಅದು ಗ್ರಂಥಿ ಬಿಟ್ಟು ಹೊರಗೆ ಹೋಗುವುದೇ ಇಲ್ಲ, ಅವರು ಬೇರೆ ಕಾರಣಕ್ಕೆ ತೀರಿಕೊಳ್ಳುತ್ತಾರೆ. ಹೊರಡಬೇಕಾದರೆ ಕೋಶ ಮೊದಲು ಪಕ್ಕದ ಕೋಶದ ಕೈ ಬಿಡಬೇಕು. ಆ ಹಿಡಿತದ ಹೆಸರು ಇ-ಕ್ಯಾಡ್ಹೆರಿನ್. ಟಿಜಿಎಫ್-ಬೀಟಾದಂಥ ಸಿಗ್ನಲ್ ಬಂದಾಗ ಸ್ನೇಲ್, ಟ್ವಿಸ್ಟ್, ಝೆಬ್ ಎಂಬ ಪ್ರೋಟೀನುಗಳು ಎದ್ದು ಇ-ಕ್ಯಾಡ್ಹೆರಿನ್ ತಯಾರಿಕೆಯನ್ನು ತಗ್ಗಿಸುತ್ತವೆ. ಸಾಲಾಗಿ ಅಂಟಿ ಕೂತಿದ್ದ ಕೋಶ ಸಡಿಲವಾಗಿ, ಉದ್ದವಾಗಿ, ಓಡಾಡುವ ಸ್ವಭಾವ ಪಡೆಯುತ್ತದೆ. ಸುತ್ತಲಿನ ಜಾಲವನ್ನು ಕತ್ತರಿಸುವ ಕಿಣ್ವಗಳನ್ನು ಬಿಡುತ್ತದೆ. ತಮಾಷೆ ಅಂದರೆ ಇದೇ ಟಿಜಿಎಫ್-ಬೀಟಾ ಕ್ಯಾನ್ಸರ್ ಶುರುವಾಗುವ ಹೊತ್ತಿನಲ್ಲಿ ಕೋಶ ವಿಭಜನೆಯನ್ನು ತಡೆಯುತ್ತಿರುತ್ತದೆ. ಅದೇ ಸಿಗ್ನಲ್ಲು, ಕೇಳುವ ಕೋಶ ಬದಲಾಗಿದೆ ಅಷ್ಟೇ. ಈ ಬದಲಾವಣೆ ಪೂರ್ತಿಯೂ ಅಲ್ಲ, ಶಾಶ್ವತವೂ ಅಲ್ಲ. ಹೊಸ ಜಾಗ ಸೇರಿದ ಮೇಲೆ ಕೋಶಗಳು ಎಷ್ಟೋ ಸಲ ಮತ್ತೆ ಒಟ್ಟಿಗೆ ಅಂಟಿಕೊಂಡು ಗಡ್ಡೆಯಾಗಿ ಬೆಳೆಯುತ್ತವೆ.

ಇಲ್ಲಿ ಪಿಟೆನ್ ಬಗ್ಗೆಯೂ ಹೇಳಬೇಕು. ಕೋಶದ ಹೊರಗಿನಿಂದ ಬರುವ 'ಬೆಳೆ, ಬದುಕು' ಎಂಬ ಆದೇಶ ಪಿಐ3-ಕೈನೇಸ್, ಅಲ್ಲಿಂದ ಎಕೆಟಿ, ಅಲ್ಲಿಂದ ಎಂಟಾರ್ ಅಂತ ಒಂದರಿಂದ ಒಂದಕ್ಕೆ ದಾಟುತ್ತದೆ. ಅದಕ್ಕೆ ಬ್ರೇಕ್ ಹಾಕುವ ಪ್ರೋಟೀನು ಪಿಟೆನ್. ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಸುಮಾರು 40 ಶೇಕಡಾದಲ್ಲಿ ಇದು ಕೆಟ್ಟಿರುತ್ತದೆ ಅಥವಾ ಕಳೆದೇ ಹೋಗಿರುತ್ತದೆ. ಆಮೇಲೆ ಕೋಶ ಮಾಮೂಲಾಗಿ ಸಾಯಬೇಕಾದ ಕಡೆಯೂ ಸಾಯುವುದಿಲ್ಲ. ಇದು ದೊಡ್ಡ ವಿಷಯ, ಯಾಕೆಂದರೆ ರಕ್ತಕ್ಕೆ ಬಿದ್ದ ಕ್ಯಾನ್ಸರ್ ಕೋಶಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಸಾಯದೆ ಉಳಿಯಲು ಬಲ್ಲ ಕೆಲವೇ ಕೆಲವು ಸಾಕು.

ಈಗ ಮೂಳೆ. ಸುಮಾರು 1,600 ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಮರಣೋತ್ತರ ಪರೀಕ್ಷೆಗಳನ್ನು ಪರಿಶೀಲಿಸಿ 2000ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ರಕ್ತದ ಮೂಲಕ ಕ್ಯಾನ್ಸರ್ ಹರಡಿದ್ದವರಲ್ಲಿ 90 ಶೇಕಡಾ ಜನರಿಗೆ ಮೂಳೆಯಲ್ಲಿ ಗಡ್ಡೆ ಇತ್ತು. ಶ್ವಾಸಕೋಶದಲ್ಲಿ ಇದ್ದದ್ದು 46 ಶೇಕಡಾ, ಯಕೃತ್ತಿನಲ್ಲಿ 25. ಇದಕ್ಕೆ ಎರಡು ಹಳೆಯ ಉತ್ತರಗಳಿವೆ. 1889ರಲ್ಲಿ ಸ್ಟೀಫನ್ ಪ್ಯಾಜೆಟ್ ಎಂಬ ಇಂಗ್ಲಿಷ್ ಸರ್ಜನ್, ಕ್ಯಾನ್ಸರ್ ಕೋಶ ಬೀಜದ ಹಾಗೆ ಎಲ್ಲ ಕಡೆ ಬಿದ್ದರೂ ಹೊಂದುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಅಂದರು. ಅವರು ನೋಡಿದ್ದು ಸ್ತನದ ಕ್ಯಾನ್ಸರ್. 1940ರಲ್ಲಿ ಆಸ್ಕರ್ ಬ್ಯಾಟ್ಸನ್, ಸೊಂಟದ ಒಳಭಾಗದಿಂದ ಬೆನ್ನುಮೂಳೆಗೆ ನೇರವಾಗಿ ಹೋಗುವ, ಕವಾಟಗಳಿಲ್ಲದ ರಕ್ತನಾಳಗಳ ಜಾಲ ಇದೆ ಅಂತ ತೋರಿಸಿದರು. ಕೆಮ್ಮಿದಾಗ, ತಿಣುಕಿದಾಗ ಅದರಲ್ಲಿ ರಕ್ತ ಹಿಮ್ಮುಖವಾಗಿಯೂ ಹರಿಯಬಹುದು. ಬೆನ್ನುಮೂಳೆಗೆ ತಲುಪುವುದು ಹೇಗೆ ಅನ್ನುವುದಕ್ಕೆ ಬ್ಯಾಟ್ಸನ್ ಮಾತು ಸರಿಹೊಂದುತ್ತದೆ. ತಲುಪಿದ್ದು ಅಲ್ಲಿ ಯಾಕೆ ಉಳಿಯುತ್ತದೆ ಅನ್ನುವುದಕ್ಕೆ ಪ್ಯಾಜೆಟ್ ಮಾತೇ ಬೇಕು, ಆ ಮಣ್ಣಿನ ಗುಣ ಏನು ಅನ್ನುವುದಕ್ಕೆ ಸಿಗ್ನಲ್‌ಗಳು ಬೇಕು.

ಮೂಳೆ ಮಜ್ಜೆಯಲ್ಲಿ ರಕ್ತದ ಮೂಲ ಕೋಶಗಳಿವೆ. ಅವು ಸುತ್ತಾಡಿ ಮತ್ತೆ ಮಜ್ಜೆಗೆ ಮರಳಲಿ ಅಂತ ಅಲ್ಲಿನ ಕೋಶಗಳು ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನನ್ನು ಬಿಡುತ್ತಿರುತ್ತವೆ. ಅದನ್ನು ಗುರುತಿಸುವ ರಿಸೆಪ್ಟರ್ ಸಿಎಕ್ಸ್‌ಸಿಆರ್4. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳೂ ಇದೇ ರಿಸೆಪ್ಟರನ್ನು ಹೊತ್ತಿರುತ್ತವೆ. ಹಾಗಾಗಿ ರಕ್ತಕೋಶಗಳಿಗೆ ಹಾಕಿದ ಕರೆಗೆ ಇವೂ ಓಗೊಡುತ್ತವೆ. ಇಲಿಗಳಲ್ಲಿ 2011ರಲ್ಲಿ ಮಾಡಿದ ಪ್ರಯೋಗದಲ್ಲಿ ಕ್ಯಾನ್ಸರ್ ಕೋಶಗಳು ಮೂಲ ಕೋಶಗಳ ಜಾಗವನ್ನೇ ಹಿಡಿದು ಅವನ್ನು ಹೊರಗೆ ತಳ್ಳಿದ್ದು ಕಂಡಿತು. ಅಲ್ಲಿ ಸೇರಿದ ಕೋಶ ಕೂಡಲೇ ಬೆಳೆಯಬೇಕೆಂದಿಲ್ಲ. ಆ ಜಾಗದಲ್ಲಿ ಮೂಲ ಕೋಶಗಳನ್ನು ನಿದ್ದೆಯಲ್ಲಿಡುವ ಸಿಗ್ನಲ್‌ಗಳೂ ಇವೆ, ಕ್ಯಾನ್ಸರ್ ಕೋಶಗಳೂ ವರ್ಷಗಟ್ಟಲೆ ಮಲಗಿರಬಹುದು. ಆಪರೇಷನ್ ಆಗಿ ಎಷ್ಟೋ ವರ್ಷ ಪಿಎಸ್ಎ ಸರಿ ಇದ್ದವರಲ್ಲಿ ಕಾಯಿಲೆ ಮರಳಿ ಬರುವುದಕ್ಕೆ ಇದೊಂದು ವಿವರಣೆ.

ಎಚ್ಚರವಾದ ಮೇಲೆ ನಡೆಯುವುದು ಎರಡು ಕಡೆಯ ಮಾತುಕತೆ. ನಮ್ಮ ಮೂಳೆ ಸದಾ ಕೆಡವಿ ಕಟ್ಟುವ ಜಾಗ. ಆಸ್ಟಿಯೊಕ್ಲಾಸ್ಟ್ ಕೆಡವುತ್ತದೆ, ಆಸ್ಟಿಯೊಬ್ಲಾಸ್ಟ್ ಕಟ್ಟುತ್ತದೆ. ಕ್ಯಾನ್ಸರ್ ಕೋಶ ಎಂಡೊಥೀಲಿನ್-1, ಡಬ್ಲ್ಯುಎನ್‌ಟಿ, ಬಿಎಂಪಿ ಎಂಬ ಸಿಗ್ನಲ್‌ಗಳನ್ನು ಬಿಟ್ಟು ಕಟ್ಟುವವರನ್ನು ಕೆರಳಿಸುತ್ತದೆ. ಕಟ್ಟುವ ಕೋಶ ರ‍್ಯಾಂಕ್-ಲಿಗ್ಯಾಂಡ್ ಎಂಬ ಸಿಗ್ನಲ್ ಕೊಟ್ಟು ಕೆಡವುವವರನ್ನು ತಯಾರು ಮಾಡುತ್ತದೆ. ಕೆಡವುವ ಕೋಶ ಮೂಳೆಗೆ ಅಂಟಿ ಕೂತು ಆಮ್ಲ ಸುರಿಯುತ್ತದೆ, ಖನಿಜ ಕರಗುತ್ತದೆ, ಅದರೊಳಗೆ ಹುದುಗಿದ್ದ ಟಿಜಿಎಫ್-ಬೀಟಾ ಮತ್ತು ಇನ್ಸುಲಿನ್ ತರಹದ ಬೆಳವಣಿಗೆ ಅಂಶಗಳು ಹೊರಬರುತ್ತವೆ. ಪಕ್ಕದಲ್ಲೇ ಕೂತಿರುವ ಕ್ಯಾನ್ಸರ್ ಕೋಶಕ್ಕೆ ಅದೇ ಆಹಾರ, ಅದೇ ಹುರುಪು. ಅದು ಇನ್ನಷ್ಟು ಸಿಗ್ನಲ್ ಬಿಡುತ್ತದೆ. ಅಂದಹಾಗೆ, ನಾವು ಬರೀ ರಿಪೋರ್ಟಿನ ಸಂಖ್ಯೆ ಅಂದುಕೊಳ್ಳುವ ಪಿಎಸ್ಎ ಕೂಡ ಸುಮ್ಮನೆ ಕೂರುವ ವಸ್ತುವಲ್ಲ. ಅದೊಂದು ಪ್ರೋಟೀನ್ ಕತ್ತರಿಸುವ ಕಿಣ್ವ. ಇನ್ಸುಲಿನ್ ತರಹದ ಬೆಳವಣಿಗೆ ಅಂಶವನ್ನು ಹಿಡಿದಿಟ್ಟಿರುವ ಪ್ರೋಟೀನನ್ನು ಕತ್ತರಿಸಿ, ಆ ಅಂಶವನ್ನು ಬಿಡಿಸಬಲ್ಲದು ಅಂತ ಪ್ರಯೋಗಾಲಯದಲ್ಲಿ ಕಂಡಿದೆ.

ಪ್ರಾಸ್ಟೇಟ್ ಕ್ಯಾನ್ಸರ್‌ನ ವಿಶೇಷ ಅಂದರೆ ಒಟ್ಟಾರೆ ಕಟ್ಟುವುದೇ ಜಾಸ್ತಿ ಕಾಣುವುದು. ಎಕ್ಸ್‌ರೇಯಲ್ಲಿ ಬೇರೆ ಎಷ್ಟೋ ಕ್ಯಾನ್ಸರ್‌ಗಳಿಂದ ಮೂಳೆ ತೂತಾದ ಹಾಗೆ ಕಪ್ಪಾಗಿ ಕಂಡರೆ, ಇದರಲ್ಲಿ ಬೆಳ್ಳಗೆ, ಗಟ್ಟಿಯಾಗಿ ಕಾಣುತ್ತದೆ. ಗಟ್ಟಿ ಅಂತ ಸಮಾಧಾನ ಪಡಬೇಡಿ. ಆತುರದಲ್ಲಿ ಅಡ್ಡಾದಿಡ್ಡಿ ಕಟ್ಟಿದ ಮೂಳೆ ಅದು, ಸುಲಭವಾಗಿ ಮುರಿಯುತ್ತದೆ. ಕಟ್ಟುವ ಕೋಶಗಳು ಮಾಡುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ರಕ್ತದಲ್ಲಿ ಏರುವುದೂ ಇದೇ ಗಡಿಬಿಡಿಯಿಂದ.

ಹಾಗಾದರೆ ಎಲ್ಲ ಸಿಗ್ನಲ್ ಒಟ್ಟಿಗೆ ತಡೆಯಬಾರದೇ ಅನ್ನುವ ನಿಮ್ಮ ಪ್ರಶ್ನೆ. ಒಳ್ಳೆಯ ಪ್ರಶ್ನೆ, ಅನೇಕ ಕಂಪನಿಗಳು ಕೋಟಿಗಟ್ಟಲೆ ಸುರಿದು ಉತ್ತರ ಹುಡುಕಿದ ಪ್ರಶ್ನೆಯೂ ಹೌದು. ಎಂಡೊಥೀಲಿನ್ ರಿಸೆಪ್ಟರ್ ತಡೆಯುವ ಅಟ್ರಾಸೆಂಟಾನ್, ಝಿಬೊಟೆಂಟಾನ್ ಎರಡೂ ದೊಡ್ಡ ಪ್ರಯೋಗಗಳಲ್ಲಿ ಆಯುಸ್ಸು ಹೆಚ್ಚಿಸಲಿಲ್ಲ. ಕೋಶಗಳ ಓಡಾಟಕ್ಕೆ ಬೇಕಾದ ಎಸ್‌ಆರ್‌ಸಿ ಎಂಬ ಕಿಣ್ವ ತಡೆಯುವ ಡಸಾಟಿನಿಬ್ ಅನ್ನು ಕೀಮೋ ಜೊತೆ ಕೊಟ್ಟು ನೋಡಿದರು, ಅದೂ ಅಷ್ಟೇ. ಕಬೊಜಾಂಟಿನಿಬ್ ಇನ್ನೂ ಪಾಠ ಕಲಿಸಿತು. ಅದನ್ನು ತೆಗೆದುಕೊಂಡವರಲ್ಲಿ ಮೂಳೆ ಸ್ಕ್ಯಾನಿನ ಕಪ್ಪು ಚುಕ್ಕೆಗಳು (ಎಕ್ಸ್‌ರೇಯ ಹಾಗಲ್ಲ, ಇದರಲ್ಲಿ ಮೂಳೆ ಚುರುಕಾಗಿ ಕಟ್ಟುತ್ತಿರುವ ಜಾಗ ಕಪ್ಪಾಗಿ ಕಾಣುತ್ತದೆ) ಕಣ್ಣಿಗೆ ಹೊಡೆಯುವಷ್ಟು ಮಾಯವಾದವು, ಎಲ್ಲರಿಗೂ ಭಾರಿ ಉತ್ಸಾಹ. ಕೊನೆಗೆ ದೊಡ್ಡ ಪ್ರಯೋಗದಲ್ಲಿ ಒಟ್ಟು ಆಯುಸ್ಸು ಅಂಕಿಅಂಶದ ಲೆಕ್ಕದಲ್ಲಿ ಹೆಚ್ಚಾಗಲಿಲ್ಲ. ಸ್ಕ್ಯಾನ್ ತೋರಿಸುವುದು ಮೂಳೆಯ ಪ್ರತಿಕ್ರಿಯೆಯನ್ನು, ಕ್ಯಾನ್ಸರ್ ಕೋಶವನ್ನಲ್ಲ. ಮೂಳೆ ಸುಮ್ಮನಾದರೆ ಕ್ಯಾನ್ಸರ್ ಸತ್ತಿದೆ ಅಂತಲ್ಲ.

ಯಾಕೆ ಹೀಗೆ ಸೋಲುತ್ತವೆ? ಒಂದು, ಈ ದಾರಿಗಳು ಒಂದಕ್ಕೊಂದು ಕಿವಿಗೊಟ್ಟಿರುತ್ತವೆ. ಪಿಟೆನ್ ಇಲ್ಲದ ಗಡ್ಡೆಗಳಲ್ಲಿ ಆಂಡ್ರೊಜೆನ್ ರಿಸೆಪ್ಟರನ್ನು ತಡೆದರೆ ಎಕೆಟಿ ದಾರಿ ಜೋರಾಗುತ್ತದೆ, ಎಕೆಟಿ ದಾರಿಯನ್ನು ತಡೆದರೆ ರಿಸೆಪ್ಟರ್ ಜೋರಾಗುತ್ತದೆ ಅಂತ 2011ರಲ್ಲಿ ಗೊತ್ತಾಯಿತು. ಎರಡನ್ನೂ ಒಟ್ಟಿಗೆ ತಡೆಯೋಣ ಅಂತ ಎಕೆಟಿ ತಡೆಯುವ ಔಷಧಿಗಳನ್ನು ಅಬಿರಾಟೆರೋನ್ ಜೊತೆ ಕೊಟ್ಟಾಗ, ಪಿಟೆನ್ ಕಳೆದುಕೊಂಡವರಲ್ಲಿ ರೋಗ ಮುಂದುವರಿಯುವುದು ಸ್ವಲ್ಪ ತಡವಾಯಿತು. ಜೊತೆಗೆ ರಕ್ತದ ಸಕ್ಕರೆ ಏರಿತು, ಭೇದಿ, ಮೈಮೇಲೆ ದದ್ದು ಬಂತು. ಎರಡನೇ ಕಾರಣ ಇದೇ. ಎಕೆಟಿ ಅಂದರೆ ಇನ್ಸುಲಿನ್ ಬಳಸುವ ದಾರಿಯೂ ಹೌದು. ಸಿಎಕ್ಸ್‌ಸಿಎಲ್12 ರಕ್ತಕೋಶಗಳಿಗೆ ಬೇಕು, ಟಿಜಿಎಫ್-ಬೀಟಾ ಗಾಯ ಮಾಯಲು ಬೇಕು. ಎಲ್ಲವನ್ನೂ ನಿಲ್ಲಿಸಿದರೆ ಕ್ಯಾನ್ಸರ್‌ಗಿಂತ ಮೊದಲು ಮನುಷ್ಯ ಸುಸ್ತಾಗುತ್ತಾನೆ.

ಹಾಗಂತ ಮೂಳೆ ಕಡೆಯ ಮಾತನ್ನು ತಡೆಯುವುದು ದಂಡ ಅಲ್ಲ. ಡೆನೊಸುಮಾಬ್ ರ‍್ಯಾಂಕ್-ಲಿಗ್ಯಾಂಡನ್ನು ಹಿಡಿದುಹಾಕುತ್ತದೆ, ಝೊಲೆಡ್ರಾನಿಕ್ ಆಮ್ಲ ಕೆಡವುವ ಕೋಶವನ್ನೇ ಕುಗ್ಗಿಸುತ್ತದೆ. ಆಯುಸ್ಸು ಹೆಚ್ಚದಿದ್ದರೂ ಮೂಳೆ ಮುರಿಯುವುದು ಕಡಿಮೆಯಾಗುತ್ತದೆ, ನೋವಿರುವ ಮನೆಯಲ್ಲಿ ಅದು ಸಣ್ಣ ವಿಷಯವಲ್ಲ. ಶುರು ಮಾಡುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳುವ ಹಲ್ಲಿದ್ದರೆ ಮೊದಲೇ ಕೀಳಿಸಿ, ಯಾಕೆಂದರೆ ಅಪರೂಪಕ್ಕೆ ದವಡೆ ಮೂಳೆ ಕೊಳೆಯುವ ತೊಂದರೆ ಬರುತ್ತದೆ. 2013ರಲ್ಲಿ ಬಂದ ರೇಡಿಯಂ-223 ಇನ್ನೊಂದು ರೀತಿಯದು. ದೇಹ ಅದನ್ನು ಕ್ಯಾಲ್ಸಿಯಂ ಅಂದುಕೊಂಡು, ಹೊಸ ಮೂಳೆ ಕಟ್ಟುತ್ತಿರುವ ಕಡೆಯೇ ಸೇರಿಸುತ್ತದೆ, ಅಲ್ಲೇ ಅದರ ವಿಕಿರಣ ಕೆಲಸ ಮಾಡುತ್ತದೆ. ಇದು ಆಯುಸ್ಸನ್ನೂ ಹೆಚ್ಚಿಸಿದೆ. ಆದರೆ ಅಬಿರಾಟೆರೋನ್ ಜೊತೆ ಸೇರಿಸಿದಾಗ ಮೂಳೆ ಮುರಿತ ಜಾಸ್ತಿಯಾಯಿತು, ಹಾಗಾಗಿ ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ.

ಈಗ ನೀವು ಮಾಡಬೇಕಾದ್ದು. ಇಂಜೆಕ್ಷನ್ ಕೆಲಸ ಮಾಡುತ್ತಿಲ್ಲ ಅಂತ ಬಿಟ್ಟುಬಿಡಬೇಡಿ. ಆಂಡ್ರೊಜೆನ್ ದಾರಿ ಇನ್ನೂ ತೆರೆದಿರುವುದರಿಂದಲೇ ಅದನ್ನು ಮುಂದುವರಿಸಿ, ಅದರ ಮೇಲೆ ಬೇರೆ ಔಷಧಿ ಸೇರಿಸುತ್ತಾರೆ. ಈವರೆಗೆ ಅಬಿರಾಟೆರೋನ್ ಅಥವಾ ಎಂಜಾಲುಟಮೈಡ್ ಬಗೆಯ ಮಾತ್ರೆ ಕೊಟ್ಟಿದ್ದಾರೋ ಇಲ್ಲವೋ ಅಂತ ಕೇಳಿ, ಮುಂದಿನ ಆಯ್ಕೆ ಬಹಳ ಮಟ್ಟಿಗೆ ಅದರ ಮೇಲೆ ನಿಂತಿದೆ. ಗಡ್ಡೆಯ ಜೀನ್ ಪರೀಕ್ಷೆ ಆಗಿದೆಯಾ ಕೇಳಿ. ಡಿಎನ್ಎ ರಿಪೇರಿಗೆ ಬೇಕಾದ ಬಿಆರ್‌ಸಿಎ2 ಎಂಬ ಜೀನ್ ಕೆಟ್ಟಿದ್ದರೆ ಒಲಾಪರಿಬ್‌ನಂಥ ಮಾತ್ರೆ ಇದೆ, ಮನೆಯ ಬೇರೆಯವರೂ ಪರೀಕ್ಷೆ ಮಾಡಿಸಬೇಕಾಗಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲಿರುವ ಪಿಎಸ್‌ಎಂಎ ಎಂಬ ಪ್ರೋಟೀನನ್ನು ಹುಡುಕುವ ಸ್ಕ್ಯಾನಿನಲ್ಲಿ ಗಡ್ಡೆಗಳು ಚೆನ್ನಾಗಿ ಕಂಡರೆ ಅದೇ ಗುರುತನ್ನು ಹಿಡಿದು ಹೋಗುವ ಲುಟೀಷಿಯಂ ಎಂಬ ವಿಕಿರಣ ಚಿಕಿತ್ಸೆಯೂ 2022ರಿಂದ ಬಳಕೆಯಲ್ಲಿದೆ.

ಪಿಎಸ್ಎ ಒಂದನ್ನೇ ನೆಚ್ಚಿ ಕೂರಬೇಡಿ. ಕೆಲವರಲ್ಲಿ ಕ್ಯಾನ್ಸರ್ ಕೋಶಗಳು ಆಂಡ್ರೊಜೆನ್ ರಿಸೆಪ್ಟರ್ ದಾರಿಯನ್ನು ನಿಜವಾಗಿಯೂ ಬಿಟ್ಟು, ನರಕೋಶದ ಗುಣ ಇರುವ ಬೇರೆ ಬಗೆಗೆ ತಿರುಗುತ್ತವೆ. ಆಗ ಪಿಎಸ್ಎ ಕಡಿಮೆಯೇ ಇರುತ್ತದೆ, ಕಾಯಿಲೆ ಮಾತ್ರ ಯಕೃತ್ತಿಗೋ ಬೇರೆಡೆಗೋ ಬೇಗ ಬೆಳೆಯುತ್ತದೆ. ತೂಕ ಇಳಿಯುತ್ತಿದ್ದು, ನೋವು ಏರುತ್ತಿದ್ದು, ಪಿಎಸ್ಎ ಮಾತ್ರ ಚೆನ್ನಾಗಿದೆ ಅಂದರೆ ಮತ್ತೊಮ್ಮೆ ಸ್ಕ್ಯಾನ್, ಬೇಕಾದರೆ ಬಯಾಪ್ಸಿ ಮಾಡಿಸಬೇಕೇ ಅಂತ ಕೇಳಿ.

ತಂದೆಗೆ ಕ್ಯಾನ್ಸರ್ ಇರುವುದು ಬೆನ್ನುಮೂಳೆಯಲ್ಲಿ. ಹಾಗಾಗಿ ಬೆನ್ನುನೋವು ಹಠಾತ್ತಾಗಿ ಜಾಸ್ತಿಯಾದರೆ, ಕಾಲಿನಲ್ಲಿ ಶಕ್ತಿ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಬೆನ್ನುಹುರಿ ಒತ್ತಿಕೊಂಡಿರುವ ಲಕ್ಷಣ ಅದು. ಹಗಲೋ ರಾತ್ರಿಯೋ, ಆ ಹೊತ್ತಿಗೇ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದೆ ಅನ್ನುವುದನ್ನು ಅಲ್ಲಿ ಮೊದಲ ಮಾತಿನಲ್ಲೇ ಹೇಳಿ.